ದಕ್ಷಿಣಾಮೂರ್ತಿಗಳ ಖಾಲಿ ಸುತ್ತು

ದ್ವಾರಕಾದ ಆ ಹೌಸಿಂಗ್ ಸೊಸೈಟಿಯಲ್ಲಿ ದಕ್ಷಿಣಾಮೂರ್ತಿಗಳ ಕಣ್ಣಿಗೆ ಮನುಷ್ಯರಂತೆ ಕಂಡವರು ಯಾರೂ ಇರಲಿಲ್ಲ. ಗೇಟಿನ ಗಾರ್ಡಿಗೆ ನಿಲ್ಲಲು ಬರುವುದಿಲ್ಲ. ತರಕಾರಿ ಭಯ್ಯಾನಿಗೆ ತೂಗಲು ಬರುವುದಿಲ್ಲ. ಎದುರು ಮನೆಯ ಖುರಾನಾನಿಗೆ ಕಾರು ನಿಲ್ಲಿಸಲು ಬರುವುದಿಲ್ಲ, ಅವನ ಹೆಂಡತಿಗೆ ಮಾತು ನಿಲ್ಲಿಸಲು ಬರುವುದಿಲ್ಲ. ಮನೆಯೊಳಗೆ ಬಂದರೆ, ಹೆಂಡತಿ ಲೀಲಾವತಿಗೆ ಏನೇನು ಬರುವುದಿಲ್ಲ ಎಂಬುದನ್ನು ಹೇಳಿ ಮುಗಿಸಲು ಮದುವೆಯಾದಾಗಿನಿಂದ ಅವರಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಇದನ್ನೆಲ್ಲ ಅವರು ಕೂಗಾಡಿ ಹೇಳುವವರಲ್ಲ. ಮೂಗಿನಿಂದ ಒಂದಿಷ್ಟು ಗಾಳಿ ಹೊರಬಿಟ್ಟು "ಹ್ಞುಂ" ಎನ್ನುತ್ತಿದ್ದರು, ಅಷ್ಟೆ. ಅದನ್ನು ಕೇಳಿದವರಿಗೆ ತಾವು ಹುಟ್ಟಿದ್ದೇ ದಂಡ ಅನ್ನಿಸಬೇಕು.

ಲೀಲಾವತಿಗೆ ಹಾಗೇನೂ ಅನ್ನಿಸುತ್ತಿರಲಿಲ್ಲ. ಅವಳು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ತಲೆಯಲ್ಲಿ ಏನೂ ಇಲ್ಲದೆ ಕತ್ತನ್ನು ಮಾತ್ರ ನೆಟ್ಟಗಿಟ್ಟುಕೊಂಡ ಎಷ್ಟೋ ಸಾಹೇಬರ ಎದುರು ಫೈಲು ಹಿಡಿದು ನಿಂತವಳು. ಆ ಸಾಹೇಬರೆಲ್ಲ ಸಂಜೆ ಆಫೀಸು ಬಿಟ್ಟ ಮೇಲೆ ಅವಳ ಪಾಲಿಗೆ ಮುಗಿದುಹೋಗುತ್ತಿದ್ದರು. ಈ ಒಬ್ಬ ಸಾಹೇಬ ಮಾತ್ರ ಮನೆಗೂ ಬರುತ್ತಿದ್ದ. ಗಂಡನನ್ನು ಅವಳು ದ್ವೇಷಿಸುತ್ತಿರಲಿಲ್ಲ. ದ್ವೇಷಕ್ಕೆ ಬೇಕಾಗುವಷ್ಟು ಗೌರವವೂ ಉಳಿದಿರಲಿಲ್ಲ. ಅವರು ಹ್ಞುಂ ಎಂದಾಗೆಲ್ಲ ಅವಳು ಮನಸ್ಸಿನಲ್ಲೇ ಒಂದು ಹ್ಞುಂ ಹಿಂದಿರುಗಿಸಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಮೂರ್ತಿಗಳ ಜಂಬಕ್ಕೆ ಒಂದು ಮೂಲವಿತ್ತು. ಹಾಸನದಿಂದ ದಿಲ್ಲಿಗೆ ಬಂದು ಸರ್ಕಾರದ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯವೊಂದಕ್ಕೆ ಸೇರಿದ ಅವರು ಇಡೀ ನೌಕರಿಯನ್ನು ಕಳೆದದ್ದು ಕಾಯಿಸುವುದರಲ್ಲಿ. ಜನರನ್ನಲ್ಲ, ಯಂತ್ರವನ್ನು. ಕಂಪ್ಯೂಟರಿನ ಪ್ರೊಸೆಸರ್ ಮಹಾ ಅವಸರದ ಪ್ರಾಣಿ, ಅದಕ್ಕೆ ಅಂಟಿಕೊಂಡ ಸಣ್ಣಪುಟ್ಟ ಚಿಪ್‌ಗಳು ನಿಧಾನಿಗಳು. "ಬಾಗಿಲು ಮುಚ್ಚಿದೆಯೋ?" ಎಂದು ಪ್ರೊಸೆಸರ್ ಕೇಳಿದರೆ ಚಿಪ್ ಉತ್ತರ ಹೊಂದಿಸಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ಒಂದಿಷ್ಟು ಹೊತ್ತು ಎಂದರೆ, ಸೆಕೆಂಡನ್ನು ಲಕ್ಷ ಚೂರು ಮಾಡಿ ಅದರಲ್ಲಿ ಒಂದೆರಡು ಚೂರು. ಅಷ್ಟು ಹೊತ್ತು ಪ್ರೊಸೆಸರನ್ನು ತಡೆದು ನಿಲ್ಲಿಸುವ ಸಾಲುಗಳನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲಿ, ಕರ್ನೆಲ್ ಎನ್ನುವ ಕಡೆ, ಬರೆಯಬೇಕು. ಬರೆಯುವವರು ದಕ್ಷಿಣಾಮೂರ್ತಿಗಳು. ಕಾಫಿ ಸ್ವಲ್ಪ ತಡವಾದರೆ ಪೇಪರನ್ನು ಟೀಪಾಯಿಗೆ ಬಡಿಯುವ ಮನುಷ್ಯ ಲೋಕಕ್ಕೆಲ್ಲ ತಾಳ್ಮೆ ಕಲಿಸಿದವನಂತೆ ಓಡಾಡುತ್ತಿದ್ದುದು ಈ ಒಂದು ವಿದ್ಯೆಯ ಬಲದ ಮೇಲೆ.

ಅವರ ವಿಧಾನ ಸರಳ. ಬೇರೇನೂ ಮಾಡದೆ ಸುಮ್ಮನೆ ಎಣಿಸುತ್ತಿರು ಎಂದು ಪ್ರೊಸೆಸರಿಗೆ ಹೇಳುವುದು. ಇಂತಿಷ್ಟು ಎಣಿಕೆ ಮುಗಿದರೆ ಇಂತಿಷ್ಟು ಹೊತ್ತು ಕಳೆಯಿತೆಂದು ಲೆಕ್ಕ. ಅದಕ್ಕೆ ಅವರು ಖಾಲಿ ಸುತ್ತು ಎಂದು ಹೆಸರಿಟ್ಟಿದ್ದರು. ಸುತ್ತಿನೊಳಗೆ ಏನೂ ಇಲ್ಲವಲ್ಲ, ದಂಡದ ಕೆಲಸ ಎಂದು, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಅಳಿಸಿಹಾಕುವುದೂ ಉಂಟಂತೆ. ಹಾಗೆ ಅಳಿಸದಂತೆ ಮಾಡುವ ಉಪಾಯ ಅವರಿಗೆ ಗೊತ್ತಿತ್ತು, ಅದನ್ನು ಅವರು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ವಿವರಿಸುತ್ತಿದ್ದರು. ಕರ್ನೆಲ್ಲಿನಲ್ಲಿ ಇದಕ್ಕೆಂದೇ ಸಿದ್ಧಪಡಿಸಿಟ್ಟ ಫಂಕ್ಷನ್ ಇದೆ, ಅದು ಆಯಾ ಯಂತ್ರಕ್ಕೆ ತಕ್ಕಂತೆ ಕಾಯುತ್ತದೆ, ಅದನ್ನೇಕೆ ಬಳಸಬಾರದು ಎಂದು ಯಾರಾದರೂ ಕೇಳಿದರೆ ಮುಗಿಯಿತು. "ಹ್ಞುಂ. ನಾಲ್ಕು ದೇಶದ ಹುಡುಗರು ಸೇರಿ ಗೀಚಿದ್ದು ಅದು. ಇದು ನಾನು ಸ್ವತಃ ಅಳೆದ ಸಂಖ್ಯೆ."

ನಿವೃತ್ತಿಯಾದ ಮೇಲೆ ನೋಯ್ಡಾದ ಒಂದು ಕಂಪನಿ ಅವರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡಿತು. ಲಿಫ್ಟುಗಳಿಗೆ ಕಂಟ್ರೋಲರ್ ಮಾಡುವ ಕಂಪನಿ. ವಾರಕ್ಕೆರಡು ಸಲ ಮೆಟ್ರೋ ಹತ್ತಿ, ಯಮುನೆ ದಾಟಿ ಹೋಗಿ, ಅಲ್ಲಿನ ಹುಡುಗರಿಗೆ ಏನೇನು ಬರುವುದಿಲ್ಲ ಎಂದು ಹೇಳಿ ಬರುತ್ತಿದ್ದರು. ಲಿಫ್ಟಿನ ಬಾಗಿಲ ಸೆನ್ಸರಿನ ಜೊತೆ ಮಾತಾಡುವ ಡ್ರೈವರ್ ಎಂಬ ಕೋಡನ್ನು ಬರೆದವರು ಅವರೇ, ಅದರೊಳಗೆ ಖಾಲಿ ಸುತ್ತನ್ನು ಕೂರಿಸಿದವರೂ ಅವರೇ. ಸೊಸೈಟಿಗೆ ಸೆಕ್ರೆಟರಿಯೂ ಅವರೇ ಆದ್ದರಿಂದ, ದೀಪಾವಳಿಗೆ ಮುಂಚೆ ತಮ್ಮ ಬ್ಲಾಕಿನ ಒಂದೇ ಒಂದು ಲಿಫ್ಟಿಗೆ ಅದೇ ಕಂಪನಿಯ ಹೊಸ ಕಂಟ್ರೋಲರ್ ಹಾಕಿಸಿದರು. ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಲಡ್ಡು ಹಂಚಿದ್ದಾಯಿತು. ಒಳಗೊಂದು ಪುಟ್ಟ ಪರದೆ, ಅದರಲ್ಲಿ ಮಹಡಿಯ ಸಂಖ್ಯೆ, ಜೊತೆಗೆ ಹಿಂದಿಯಲ್ಲಿ ಪ್ರಕಟಿಸುವ ಹೆಣ್ಣು ದನಿ. ಖುರಾನಾ ಕೆಲಸವಿಲ್ಲದಿದ್ದರೂ ಎರಡು ಸಲ ಮೇಲೆ ಕೆಳಗೆ ಹೋಗಿಬಂದ.

ನವೆಂಬರಿನ ಹೊಗೆಗೆ ಮುಚ್ಚಿದ್ದ ಸ್ಕೂಲುಗಳು ಮತ್ತೆ ತೆರೆದ ವಾರ ಲಿಫ್ಟು ಕೈಕೊಡಲು ಶುರುಮಾಡಿತು. ಬೆಳಿಗ್ಗೆ ಸ್ಕೂಲು, ಆಫೀಸಿನ ಹೊತ್ತಿಗೆ ಎಲ್ಲ ಮಹಡಿಯವರೂ ಗುಂಡಿ ಒತ್ತುತ್ತಿರುವಾಗ ಎರಡು ಮಹಡಿಗಳ ನಡುವೆ ನಿಂತುಬಿಡುತ್ತಿತ್ತು. ಬಾಗಿಲು ಭದ್ರವಾಗಿ ಮುಚ್ಚಿಕೊಂಡೇ ಇದ್ದರೂ ಹೆಣ್ಣು ದನಿ "ದರ್ವಾಜಾ ಖುಲಾ ಹೈ" ಎಂದು ಹಟ ಹಿಡಿಯುತ್ತಿತ್ತು. ಕಂಪನಿಯವರು ಮಧ್ಯಾಹ್ನ ಬಂದು ನೋಡಿದರೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತಿತ್ತು.

ಕಾರಣ ಕಂಡುಹಿಡಿಯಲು ಮೂರ್ತಿಗಳಿಗೆ ಒಂದು ಕಾಫಿಯಷ್ಟು ಹೊತ್ತು ಸಾಕಾಯಿತು.

"ಬೆಳಿಗ್ಗೆನೇ ಯಾಕೆ ನಿಲ್ಲುತ್ತೆ? ಬೆಳಿಗ್ಗೆ ಬರೋರು ಯಾರು? ಕೆಲಸದವರು, ಹಾಲಿನವರು, ಡೆಲಿವರಿಯವರು. ಆ ಜಾಹಿಲ್, ದಡ್ಡ ಜನಕ್ಕೆ ಲಿಫ್ಟ್ ಹತ್ತೋಕೆ ಬರುತ್ತಾ? ಬಾಗಿಲಿಗೆ ಕೈ ಕೊಡ್ತಾರೆ, ಇರೋಬರೋ ಗುಂಡಿ ಎಲ್ಲಾ ಒತ್ತುತ್ತಾರೆ. ಯಂತ್ರ ಆದ್ರೂ ಏನ್ ಮಾಡುತ್ತೆ ಪಾಪ!"

ಮನುಷ್ಯರ ಮೇಲೆ ಎಂದೂ ಹುಟ್ಟದ ಕನಿಕರ ಯಂತ್ರದ ಮೇಲೆ ಹುಟ್ಟಿತ್ತು. ಮರುದಿನವೇ ಲಿಫ್ಟಿನ ಪಕ್ಕ ನೋಟೀಸು ಅಂಟಿತು: ಬೆಳಗಿನ ಹೊತ್ತು ಮನೆಗೆಲಸದವರೂ ಸಾಮಾನು ತರುವವರೂ ಮೆಟ್ಟಿಲು ಬಳಸತಕ್ಕದ್ದು. ಪಕ್ಕದಲ್ಲಿ ಗಾರ್ಡನ್ನು ಕೂರಿಸಿದರು.

ಅಚ್ಚರಿಯ ಮಾತೆಂದರೆ, ಲಿಫ್ಟು ಸರಿಯಾಗಿಬಿಟ್ಟಿತು. ಒಂದು ವಾರ, ಎರಡು ವಾರ, ಒಂದು ಸಲವೂ ನಿಲ್ಲಲಿಲ್ಲ. ಖುರಾನಾ ಬಂದು ಕೈ ಕುಲುಕಿದ. ಕಮಿಟಿಯವರು "ಮೂರ್ತಿ ಸಾಹಬ್ ಕಾ ದಿಮಾಗ್!" ಎಂದರು. ಮೂರ್ತಿಗಳು ಆ ವಾರ ಹ್ಞುಂ ಎನ್ನುವುದನ್ನೂ ಕಡಿಮೆ ಮಾಡಿ, ಬರೀ ಹುಬ್ಬಿನಲ್ಲಿ ಕೆಲಸ ನಡೆಸಿದರು. ಲೀಲಾವತಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ತಪ್ಪಾಗಿದ್ದಾಗ ಸಹಿಸುವುದು ಅವಳಿಗೆ ಅಭ್ಯಾಸವಿತ್ತು, ಸರಿಯಾಗಿದ್ದಾಗ ಸಹಿಸುವುದು ಹೊಸದು.

ಉರಿಗೆ ಇನ್ನೂ ಒಂದು ಕಾರಣವಿತ್ತು, ಅದು ಲೋಲಾಕ್ಷಿ. ಬಂಟ್ವಾಳದ ಕಡೆಯವಳು. ಗಂಡ ತುಕ್ರ ಮೆಟ್ರೋ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಇವಳು ಲೀಲಾವತಿಯ ಮನೆಯಲ್ಲಿ ಅಡಿಗೆ ಮಾಡುವವಳು. ತುಂಬು ಮೈಯ ಹೆಂಗಸು, ಮೊಣಕಾಲು ನೋವು ಬೇರೆ. ಲೀಲಾವತಿಯ ಮನೆ ಎಂಟನೆಯ ಮಹಡಿಯಲ್ಲಿ. ಹುಳಿಗೆ ಕೊತ್ತಂಬರಿ ಹುರಿಯುತ್ತಾ ಅವಳು "ಸಾರ್ ಇವತ್ತು ಎಷ್ಟು ಸಲ ಹ್ಞುಂ ಅಂದ್ರು ಅಮ್ಮ?" ಎಂದು ಕೇಳುವಳು, ಇಬ್ಬರೂ ಸೆರಗು ಬಾಯಿಗೊತ್ತಿ ನಗುವರು. ಆಫೀಸು ಬಿಟ್ಟ ಮೇಲೆ ಲೀಲಾವತಿ ದಿನದಲ್ಲಿ ಮನಸಾರೆ ನಗುತ್ತಿದ್ದುದು ಆ ಅಡಿಗೆಮನೆಯಲ್ಲಿ ಮಾತ್ರ.

ನೋಟೀಸು ಬಂದ ಮೇಲೆ ಲೋಲಾಕ್ಷಿ ಮೇಲೆ ತಲುಪುವ ಹೊತ್ತಿಗೆ ನಗಲು ಉಸಿರೇ ಉಳಿಯುತ್ತಿರಲಿಲ್ಲ. ಹಾಲಿನ ಬೂತಿನಿಂದ ಬರುವ ಲೀಲಾವತಿ, ಗೇಟಿನ ಬಳಿ ಅವಳು ಸಿಕ್ಕರೆ ಬ್ಲಾಕಿನ ತನಕ ಮಾತಾಡಿಕೊಂಡು ಬಂದು, ತಾನು ಬೇಗ ಮೇಲೆ ಹೋಗಿ, ಬಾಗಿಲು ತೆರೆದು, ಅವಳಿಗೆಂದು ನೀರು ಬಿಸಿಗಿಟ್ಟಿರುತ್ತಿದ್ದಳು. ಕೂರಲು ಕುರ್ಚಿ ಕೊಡುತ್ತಿದ್ದಳು. ಈ ಬ್ಲಾಕಿನಲ್ಲಿ ಬೇರೆ ಯಾರು ಇಷ್ಟು ಮಾಡುತ್ತಾರೆ ಎಂದು ಅವಳಿಗೆ ಸ್ವಲ್ಪ ಸಮಾಧಾನವೂ ಇತ್ತು.

"ಎಂತ ಮಾಡುವುದು ಅಮ್ಮ," ಎಂದಳು ಒಂದು ದಿನ ಲೋಲಾಕ್ಷಿ, ಮೊಣಕಾಲು ಒತ್ತಿಕೊಳ್ಳುತ್ತಾ. "ಈ ಕಾಲು ಹತ್ತುವಾಗ ಒಂದು ಬೈತದೆ, ಇಳಿಯುವಾಗ ಇನ್ನೊಂದು ಬೈತದೆ. ಆಚೆ ಸೆಕ್ಟರಿನಲ್ಲಿ ಒಬ್ಬರು ಕರೀತಾ ಇದ್ದಾರೆ. ಹಿಂದಿಯವರು. ನೆಲದ ಮನೆ, ಮೆಟ್ಟಿಲು ಇಲ್ಲ. ನನಗೆ ಇಲ್ಲಿ ಬಿಡ್ಲಿಕ್ಕೆ ಮನಸ್ಸಿಲ್ಲ. ಈ ತಿಂಗಳು ನೋಡ್ತೇನೆ. ಲಿಫ್ಟಿನದ್ದು ಏನಾದ್ರೂ ಆದ್ರೆ ಆಯ್ತು, ಇಲ್ಲದಿದ್ರೆ ಹೋಗ್ತೇನೆ ಆಯ್ತಾ?"

ರಾತ್ರಿ ಊಟಕ್ಕೆ ಕೂತಾಗ ಲೀಲಾವತಿ ಗಂಡನಿಗೆ ಹೇಳಿದಳು. "ರೀ, ಆ ನೋಟೀಸ್ ತೆಗೀರಿ. ಲೋಲಾಕ್ಷಿ ಬಿಟ್ಟು ಹೋಗ್ತಾಳೆ."

"ಹೋಗ್ಲಿ. ಮೆಟ್ಟಿಲು ಹತ್ತಿದ್ರೆ ವ್ಯಾಯಾಮ ಆಗುತ್ತೆ, ಅದೂ ಬೇಡ ಅಂದ್ರೆ ಇವರು ಉದ್ಧಾರ ಆಗೋದು ಯಾವಾಗ?" ಎಂದು ಹೇಳಿ ಅವರು ಲೋಲಾಕ್ಷಿ ಮಾಡಿದ್ದ ಹುಳಿಯನ್ನು ಇನ್ನೊಂದು ಸಲ ಬಡಿಸಿಕೊಂಡರು.

ತಿಂಗಳ ಕೊನೆ ಹತ್ತಿರವಾಗುತ್ತಿದ್ದಾಗ ನೋಯ್ಡಾದ ಕಂಪನಿಯಿಂದ ಹರ್ಷಿಣಿ ಬಂದಳು. ಮಯೂರ್ ವಿಹಾರಿನಲ್ಲಿ ಬೆಳೆದ ಕನ್ನಡದ ಹುಡುಗಿ, ಕರ್ನೆಲ್ ತಂಡದಲ್ಲಿ ಕೆಲಸ. ಘಾಜಿಯಾಬಾದಿನ ಒಂದು ಕಟ್ಟಡದಲ್ಲೂ ಇದೇ ಕಂಟ್ರೋಲರ್ ಹೀಗೇ ನಿಲ್ಲುತ್ತಿದೆ, ಇಲ್ಲಿನದನ್ನೂ ಬೆಳಗಿನ ಹೊತ್ತು ಪರೀಕ್ಷಿಸಬೇಕು, ಅದಕ್ಕೆ ಒಂದು ದಿನ ಎಲ್ಲರನ್ನೂ ಲಿಫ್ಟಿಗೆ ಬಿಡಿ ಎಂದು ಕೇಳಿದಳು.

"ಸಾಧ್ಯವಿಲ್ಲ," ಎಂದರು ಮೂರ್ತಿಗಳು. "ಇಲ್ಲಿ ಸಮಸ್ಯೆ ಮುಗಿದಿದೆ. ಘಾಜಿಯಾಬಾದಿನಲ್ಲೂ ಒಂದು ನೋಟೀಸ್ ಹಾಕಿಸಿ." ಎದ್ದು ಒಳಗೆ ಹೋದರು. ಆ ಹುಡುಗಿ ಅವರು ಹೋದ ಬಾಗಿಲನ್ನೇ ಒಂದು ಕ್ಷಣ ನೋಡಿ, ತುಟಿ ಕಚ್ಚಿಕೊಂಡು ನಗು ತಡೆದಳು. ಆ ಕ್ಷಣದಿಂದ ಲೀಲಾವತಿಗೆ ಅವಳು ಇಷ್ಟವಾದಳು.

ಅಡಿಗೆಮನೆಯಲ್ಲಿ ಕೂರಿಸಿ, ಫಿಲ್ಟರ್ ಕಾಫಿ ಕೊಟ್ಟು ಕೇಳಿದಳು. "ಏನಮ್ಮ ಅದು, ನನಗೂ ಅರ್ಥ ಆಗೋ ಹಾಗೆ ಹೇಳು. ನಮ್ಮೋರ ಖಾಲಿ ಸುತ್ತಿನದೇ ಏನಾದ್ರೂ ಕಿತಾಪತಿನಾ?"

"ಆಂಟಿ, ಅದೇ ಅಂತ ನನಗೆ ಡೌಟು. ಸರ್ ಮುಂದೆ ಹೇಳೋಕೆ ಪ್ರೂಫ್ ಬೇಕಲ್ವಾ," ಎಂದಳು ಹರ್ಷಿಣಿ. "ನೋಡಿ, ಕಣ್ಣಾಮುಚ್ಚಾಲೆ ಆಡುವಾಗ ಒಬ್ರು ಕಣ್ಣು ಮುಚ್ಚಿ ನೂರು ಎಣಿಸ್ತಾರಲ್ಲ, ಉಳಿದೋರು ಅಷ್ಟರಲ್ಲಿ ಅಡಗಿಕೊಳ್ಳಬೇಕು. ಎಣಿಸೋನು ನಿಧಾನಕ್ಕೆ ಎಣಿಸಿದ್ರೆ ಠೀಕ್ ಹೈ. ಗಡಗಡ ಅಂತ ಎಣಿಸಿಬಿಟ್ರೆ? ನೂರು ಆಯ್ತು, ಆದ್ರೆ ಯಾರೂ ಅಡಗಿಕೊಂಡೇ ಇಲ್ಲ. ಸರ್ ಕೋಡ್ ಬರೆದಾಗ ಇದ್ದ ಹಳೇ ಬೋರ್ಡಿನ ಪ್ರೊಸೆಸರ್ ಯಾವಾಗಲೂ ಒಂದೇ ಸ್ಪೀಡಲ್ಲಿ ಎಣಿಸ್ತಿತ್ತು. ಆಮೇಲೆ ಕಂಪನಿ ಬೋರ್ಡ್ ಬದಲಾಯಿಸಿತು, ಹೊಸದು ಹಾಗಲ್ಲ. ಕೆಲಸ ಕಮ್ಮಿ ಇದ್ರೆ ನಿಧಾನ, ಕೆಲಸ ಜಾಸ್ತಿ ಬಂದ್ರೆ ಸ್ಪೀಡ್ ಏರಿಸುತ್ತೆ. ಬೆಳಿಗ್ಗೆ ಎಲ್ಲಾ ಫ್ಲೋರಿಂದ ಬಟನ್, ಸ್ಕ್ರೀನು, ಅನೌನ್ಸ್‌ಮೆಂಟು. ಬಸ್, ಓಡೋಕೆ ಶುರು. ಸರ್ ಕೊಟ್ಟಿರೋ ನಂಬರನ್ನ ಬೇಗ ಎಣಿಸಿ ಮುಗಿಸುತ್ತೆ. ಸೆನ್ಸರ್ ಇನ್ನೂ ರೆಡಿನೇ ಆಗಿರಲ್ಲ. ಸಿಕ್ಕಿದ್ದು ರಾಂಗ್ ಆನ್ಸರ್, ಬಾಗಿಲು ತೆರೆದಿದೆ ಅಂತ. ಸೇಫ್ಟಿಗೆ ಲಿಫ್ಟ್ ನಿಂತುಬಿಡುತ್ತೆ."

"ಎಣಿಸೋ ಬದಲು ಆ ಪ್ರೊಸೆಸರನ್ನ ಮಲಗಿಸಿ ಆಮೇಲೆ ಎಬ್ಬಿಸೋಕೆ ಆಗಲ್ವಾ? ಇವರು ಹಾಗೇನೋ ಅಂತಿರ್ತಾರೆ."

"ಕುಕ್ಕರ್ ಇಟ್ರೆ ಬೇರೆ ಕೆಲಸಕ್ಕೆ ಹೋಗಬಹುದು ಆಂಟಿ, ವಿಸಿಲ್ ಕೂಗುತ್ತೆ. ಒಗ್ಗರಣೆಗೆ ಸಾಸಿವೆ ಹಾಕಿ ಹೋಗೋಕಾಗುತ್ತಾ? ಇಷ್ಟು ಚಿಕ್ಕ ಹೊತ್ತಿಗೆ ನಿಂತೇ ಕಾಯಬೇಕು. ಅದರಲ್ಲಿ ಸರ್ ಕರೆಕ್ಟೇ. ಆದ್ರೆ ಎಣಿಸಿಕೊಂಡು ಅಲ್ಲ, ಗಡಿಯಾರ ನೋಡಿಕೊಂಡು. ಕರ್ನೆಲ್ಲಿನ ಫಂಕ್ಷನ್ ಈ ಬೋರ್ಡಲ್ಲಿ ಮಾಡೋದು ಅದನ್ನೇ."

ಲೀಲಾವತಿಗೆ ಎಲ್ಲಕ್ಕಿಂತ ಮೊದಲು ಹೊಳೆದದ್ದು ಬೇರೆ. ಹಾಗಾದರೆ ಆ ನೋಟೀಸಿನಿಂದ ಲಿಫ್ಟು ಸರಿಹೋದದ್ದು, ಬಳಸುವವರು ಅರ್ಧಕ್ಕರ್ಧ ಕಡಿಮೆಯಾದರು ಎಂಬ ಕಾರಣಕ್ಕೆ. ಖುರಾನಾನ ಕುಟುಂಬವನ್ನು ಮೆಟ್ಟಿಲಿಗೆ ಅಟ್ಟಿದ್ದರೂ ಹೀಗೇ ಸರಿಹೋಗುತ್ತಿತ್ತು. ಗಂಡನ ಮೇಲೆ ಹಳೆಯ ತಾತ್ಸಾರವೆಲ್ಲ ಸೇರಿ ಒಂದೇ ಸಲಕ್ಕೆ ಉಕ್ಕಿತು, ಜೊತೆಗೆ ಒಂದು ಬಗೆಯ ಖುಷಿಯೂ. "ನಾಳೆ ಬೆಳಿಗ್ಗೆ ಬಾ. ಇವರು ಪಾರ್ಕಿಗೆ ಹೋಗಿರ್ತಾರೆ. ಗುಂಡಿ ಒತ್ತೋಕೆ ಜನ ನಾನು ಕೊಡ್ತೀನಿ," ಎಂದಳು.

ಜನ ಕೊಟ್ಟವಳು ಲೋಲಾಕ್ಷಿ. ಮರುದಿನ ಮಂಜು ಕವಿದ ಬೆಳಿಗ್ಗೆ ಬ್ಲಾಕಿನ ಪ್ರತಿ ಮಹಡಿಯಲ್ಲೂ ಒಬ್ಬೊಬ್ಬ ಕೆಲಸದವಳು ಶಾಲು ಹೊದ್ದು ನಿಂತಿದ್ದಳು. ಹರ್ಷಿಣಿ ತಾರಸಿಯ ಮೇಲಿನ ಲಿಫ್ಟ್ ರೂಮಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಕೂತಳು. ಗಾರ್ಡನ್ನು ಲೀಲಾವತಿ ಚಹಾಕ್ಕೆ ಕಳಿಸಿದಳು. ಸೆಕ್ರೆಟರಿಯ ಹೆಂಡತಿ ಹೇಳಿದ ಮೇಲೆ ಅವನು ಎರಡನೆಯ ಮಾತಾಡಲಿಲ್ಲ. ಹರ್ಷಿಣಿ ಫೋನಿನಲ್ಲಿ "ಚಲೋ" ಎಂದು ಹೇಳಿದ್ದೇ ತಡ, ಎಲ್ಲ ಮಹಡಿಗಳಲ್ಲೂ ಗುಂಡಿ ಒತ್ತುವ ಹಬ್ಬ ಶುರುವಾಯಿತು. ಇಷ್ಟು ದಿನ ಮುಟ್ಟಬಾರದೆಂದ ಗುಂಡಿಯನ್ನು ಆ ಹೆಂಗಸರು ಒತ್ತಿದ ರೀತಿಯೇ ಬೇರೆ.

ಮಂಜು ದಟ್ಟವಾಗಿದ್ದುದರಿಂದ ಪಾರ್ಕಿನಲ್ಲಿ ಯಾರೂ ಸಿಗದೆ ದಕ್ಷಿಣಾಮೂರ್ತಿಗಳು ಬೇಗ ಹಿಂದಿರುಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಕೆಳಗೆ ಗಾರ್ಡ್ ಇಲ್ಲದ್ದನ್ನು ನೋಡಿ ಹ್ಞುಂ ಎಂದು ಲಿಫ್ಟು ಹತ್ತಿದರು. ನಾಲ್ಕು ಮತ್ತು ಐದರ ನಡುವೆ ಅದು ನಿಂತಿತು.

"ದರ್ವಾಜಾ ಖುಲಾ ಹೈ," ಎಂದಿತು ಹೆಣ್ಣು ದನಿ.

"ಬಂದ್ ಹೈ!" ಎಂದು ಮೂರ್ತಿಗಳು ಅದಕ್ಕೆ ಎದುರುತ್ತರ ಕೊಟ್ಟದ್ದು ಮೇಲಿನ ಮಹಡಿಗಳಿಗೂ ಕೇಳಿಸಿತು. "ಯಾರದು ಗುಂಡಿ ಒತ್ತಿದ್ದು? ಕೌನ್ ಹೈ?"

ಐದನೆಯ ಮಹಡಿಯಲ್ಲಿದ್ದ ಲೋಲಾಕ್ಷಿ ಬಾಗಿಲ ಸಂದಿಗೆ ಬಾಯಿಟ್ಟು ಬಹಳ ವಿನಯದಿಂದ ಹೇಳಿದಳು. "ಸಾರ್, ಹೆದರ್ಬೇಡಿ. ಬಾಗಿಲಿಗೆ ಮಾತ್ರ ಕೈ ಕೊಡ್ಬೇಡಿ ಆಯ್ತಾ? ಲಿಫ್ಟ್ ಹಾಳಾಗ್ತದೆ."

ಅವರನ್ನು ಇಳಿಸಿದ ಮೇಲೆ ಹರ್ಷಿಣಿ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ತೋರಿಸಿದಳು. ಗುಂಡಿಗಳು ಹೆಚ್ಚಾದಂತೆ ಪ್ರೊಸೆಸರಿನ ವೇಗ ಏರಿದೆ, ವೇಗ ಏರಿದಂತೆ ಖಾಲಿ ಸುತ್ತು ಬೇಗ ಮುಗಿದಿದೆ, ಮುಗಿದಲ್ಲೆಲ್ಲ ಸೆನ್ಸರಿನ ಉತ್ತರ ಕೆಟ್ಟಿದೆ. ಮೂರ್ತಿಗಳು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅರ್ಥವಾಗದಷ್ಟು ದಡ್ಡರೇನೂ ಅಲ್ಲ ಅವರು. ಲೀಲಾವತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಈಗಲಾದರೂ ಒಂದು ಮಾತು ಹೇಳಬಹುದು, ಹೇಳಿದರೆ ಕಳೆದ ವರ್ಷಗಳನ್ನೆಲ್ಲ ಹೇಗಾದರೂ ಮನ್ನಿಸಬಹುದು ಎಂದುಕೊಂಡಳು.

"ಬೋರ್ಡ್ ಬದಲಾಯಿಸಿದ್ದು ನೀವು," ಎಂದರು ಮೂರ್ತಿಗಳು ಕೊನೆಗೆ. "ನನ್ನ ಸಂಖ್ಯೆಯಲ್ಲಿ ತಪ್ಪಿಲ್ಲ. ಹ್ಞುಂ."

ಮನ್ನಿಸುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹರ್ಷಿಣಿ ಅವರ ಸುತ್ತನ್ನು ಕಿತ್ತು, ಕರ್ನೆಲ್ಲಿನ ಸ್ವಂತ ಫಂಕ್ಷನ್ನನ್ನು ಆ ಜಾಗದಲ್ಲಿ ಹಾಕಿ, ಹೆಂಗಸರಿಂದ ಮತ್ತೆ ಗುಂಡಿ ಒತ್ತಿಸಿ ನೋಡಿದಳು. ಲಿಫ್ಟು ಒಮ್ಮೆಯೂ ತಡವರಿಸದೆ ಎಲ್ಲ ಮಹಡಿಗೂ ಹೋಗಿಬಂತು.

"ಇನ್ನೇನು, ನೋಟೀಸ್ ತೆಗೀರಿ," ಎಂದಳು ಲೀಲಾವತಿ.

"ಅದು ಕಮಿಟಿ ನಿರ್ಧಾರ. ನಾನೊಬ್ಬನೇ ತೆಗೆಯೋಕಾಗಲ್ಲ. ಭಾನುವಾರ ಮೀಟಿಂಗಲ್ಲಿ ಇಡ್ತೀನಿ." ಹಾಕುವಾಗ ಒಬ್ಬರೇ ಹಾಕಿದ್ದರು.

ಲೀಲಾವತಿ ಲೋಲಾಕ್ಷಿಗೆ ಹೇಳಿದಳು, "ಭಾನುವಾರ ನೀನೂ ಬಂದು ನಿಂತುಕೋ. ನಿನ್ನ ಕಣ್ಣೆದುರೇ ಆ ನೋಟೀಸ್ ಹರಿಸ್ತೀನಿ."

ಭಾನುವಾರ ಸೊಸೈಟಿಯ ಹುಲ್ಲಿನ ಮೇಲೆ, ಎಳೆಬಿಸಿಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು ನಡೆಯಿತು. ಚಹಾ, ಸಮೋಸಾ ಬಂತು. ಕೆಲಸದವರು ಬೇಲಿಯ ಆಚೆ ನಿಂತಿದ್ದರು, ಲೋಲಾಕ್ಷಿಯೂ ಅಲ್ಲೇ. ಮೂರ್ತಿಗಳು ಎದ್ದು, ಲಿಫ್ಟಿನಲ್ಲಿ ತಾಂತ್ರಿಕ ಸುಧಾರಣೆ ಆಗಿದೆಯೆಂದೂ, ಕಂಪನಿಯ ಹೊಸ ಬೋರ್ಡಿನ ದೋಷವನ್ನು ತಮ್ಮ ಮಾರ್ಗದರ್ಶನದಲ್ಲಿ ಸರಿಪಡಿಸಲಾಗಿದೆಯೆಂದೂ, ಎಲ್ಲರೂ ಸಹಕರಿಸಬೇಕೆಂದೂ ಹೇಳಿ ಕೂತರು. ನೋಟೀಸಿನ ಮಾತೇ ಇಲ್ಲ.

ಲೀಲಾವತಿ ಎದ್ದು ನಿಂತಳು. ಇಷ್ಟು ವರ್ಷ ಮೀಟಿಂಗಿನಲ್ಲಿ ಅವಳು ಬಾಯಿ ತೆರೆದಿದ್ದು ಸಮೋಸಾಕ್ಕೆ ಮಾತ್ರ. ಹಿಂದಿಯಲ್ಲಿ, ಆಫೀಸಿನಲ್ಲಿ ಟಿಪ್ಪಣಿ ಓದುತ್ತಿದ್ದ ದನಿಯಲ್ಲಿ, ಎಲ್ಲವನ್ನೂ ಹೇಳಿದಳು. ಲಿಫ್ಟು ನಿಂತದ್ದು ಕೆಲಸದವರಿಂದಲ್ಲ. ಅದರೊಳಗೆ ಯಂತ್ರ ಕಾಯುವುದಕ್ಕೆ ಬರೆದ ಒಂದು ಲೆಕ್ಕ ತಪ್ಪಾಗಿತ್ತು. ಆ ಲೆಕ್ಕ ಬರೆದವರು ತನ್ನ ಗಂಡ. ತಪ್ಪು ಇವರದು, ಮೆಟ್ಟಿಲು ಹತ್ತಿದವರು ಅವರು. ಆದ್ದರಿಂದ ನೋಟೀಸು ಇವತ್ತೇ ಹೋಗಬೇಕು.

ಮೂರ್ತಿಗಳು ನೆಲ ನೋಡುತ್ತಿದ್ದರು. ಖುರಾನಾ ಬಾಯಲ್ಲಿದ್ದ ಸಮೋಸಾ ನುಂಗಿ, "ಏನು! ನಮ್ಮ ಲಿಫ್ಟಿನ ಸಾಫ್ಟ್‌ವೇರ್ ಮೂರ್ತಿ ಸಾಹೇಬರೇ ಬರೆದದ್ದಾ?" ಎಂದ. "ಇಷ್ಟು ದಿನ ಹೇಳಲೇ ಇಲ್ಲವಲ್ಲ! ಎಂಥಾ ಮನುಷ್ಯ ನೋಡಿ!" ಎಂದು ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ತಪ್ಪು ಎಂದು ಲೀಲಾವತಿ ಹೇಳಿದ್ದು ಒಬ್ಬನ ಕಿವಿಗೂ ಬಿದ್ದಿರಲಿಲ್ಲ, ಅಥವಾ ಬಿದ್ದು ಹೊರಗೆ ಹೋಗಿತ್ತು. ದಕ್ಷಿಣಾಮೂರ್ತಿಗಳು ನಿಧಾನವಾಗಿ ತಲೆ ಎತ್ತಿದರು.

"ನೋಟೀಸು?" ಎಂದಳು ಲೀಲಾವತಿ.

"ಅದು ಇರಲಿ ಆಂಟೀಜಿ," ಎಂದಳು ಖುರಾನಾನ ಹೆಂಡತಿ. "ಈಗ ಲಿಫ್ಟ್ ಎಷ್ಟು ಸಾಫ್ ಇರುತ್ತೆ! ಕಾಯೋದೂ ಬೇಡ. ಅಭ್ಯಾಸ ಆಗಿಹೋಗಿದೆ." ನೋಟೀಸು ಇರಲಿ ಎನ್ನುವವರು ಕೈ ಎತ್ತಿ ಎಂದರು ಕಮಿಟಿಯವರು. ಸಮೋಸಾದ ಎಣ್ಣೆ ಹತ್ತಿದ ಕೈಗಳು ಒಂದಾದ ಮೇಲೊಂದು ಮೇಲೆದ್ದವು. ಸೆಕ್ರೆಟರಿಯ ಕೈಯೂ ಎದ್ದಿತು. ಲೀಲಾವತಿಗೆ ಅಸಹ್ಯವಾಯಿತು. ಇಷ್ಟೆಲ್ಲ ಓದಿಕೊಂಡ ಈ ಮಂದಿ, ಇವರ ಡಿಗ್ರಿಗಳು, ಇವರ ಪೆನ್ಷನ್ನು, ಇವರ ಬೆಳಗಿನ ಭಜನೆ. ಎಲ್ಲ ಸೇರಿಸಿದರೂ ಒಂದು ಕಾಗದ ಹರಿಯುವಷ್ಟು ಮಾನ ಇಲ್ಲ. ತನ್ನ ಗಂಡ ಈ ಹಿಂಡಿನಲ್ಲಿ ಒಬ್ಬ, ಅಷ್ಟೆ. ದೊಡ್ಡವನೂ ಅಲ್ಲ.

ಅವಳು ಕುರ್ಚಿ ಬಿಟ್ಟು ಬೇಲಿಯ ಹತ್ತಿರ ಹೋದಳು. ಉಳಿದ ಹೆಂಗಸರು ಆಗಲೇ ಚದುರಿದ್ದರು. ಲೋಲಾಕ್ಷಿ ಒಬ್ಬಳೇ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ನಿಂತಿದ್ದಳು.

"ನೋಡಿದ್ಯಾ ಇವರನ್ನ? ಥೂ!" ಎಂದಳು ಲೀಲಾವತಿ. "ನಾನು ಬಿಡಲ್ಲ ಲೋಲಾಕ್ಷಿ. ಮುಂದಿನ ಮೀಟಿಂಗಲ್ಲಿ ಮತ್ತೆ ಎತ್ತುತ್ತೀನಿ."

"ಬೇಡ ಅಮ್ಮ. ನಾಳೆಯಿಂದ ಆಚೆ ಸೆಕ್ಟರಿಗೆ ಹೋಗ್ತೇನೆ. ಅವರಿಗೆ ಹೇಳಿಯೂ ಆಯ್ತು."

"ಎಲ್ಲರ ಎದುರು ಗಂಡನ ಮಾನ ತೆಗೆದೆ ಕಣೇ, ನಿನಗೋಸ್ಕರ."

"ಗೊತ್ತುಂಟು. ನನಗೋಸ್ಕರ ಅಷ್ಟು ಮಾತು ಈ ಊರಲ್ಲಿ ಯಾರೂ ಆಡ್ಲಿಲ್ಲ," ಎಂದಳು ಲೋಲಾಕ್ಷಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದರೆ ಅಮ್ಮ, ದಿನಾ ಬೆಳಿಗ್ಗೆ ಗೇಟಿಂದ ಇಬ್ಬರೂ ಒಟ್ಟಿಗೆ ಮಾತಾಡಿಕೊಂಡು ಬರ್ತಿದ್ದೆವು. ಆಮೇಲೆ ನೀವು ಲಿಫ್ಟಿಗೆ ಹೋಗ್ತಿದ್ರಿ, ನಾನು ಮೆಟ್ಟಿಲಿಗೆ. ಬಾ ಲೋಲಾಕ್ಷಿ, ನನ್ನ ಜೊತೆ ಹತ್ತು ಅಂತ ನೀವು ಒಂದು ದಿನ ಕರೆದಿದ್ರೆ, ಸೆಕ್ರೆಟರಿಯವರ ಹೆಂಡತಿಯನ್ನು ತಡೀಲಿಕ್ಕೆ ಆ ಗಾರ್ಡಿಗೆ ಧೈರ್ಯ ಉಂಟಾ?"

ನಿಯಮ ಇತ್ತಲ್ಲ ಎಂಬ ಮಾತು ಲೀಲಾವತಿಯ ನಾಲಿಗೆಯ ತುದಿಗೆ ಬಂತು. ಆದರೆ ಅವಳು ಗಾರ್ಡಿಗೆ ಹೆದರಿದವಳಲ್ಲ, ಗಂಡನಿಗೆ ಹೆದರಿದವಳೂ ಅಲ್ಲ. ಕರೆಯಬಹುದು ಎಂಬುದು ಒಂದು ದಿನವೂ ಅವಳ ತಲೆಗೆ ಬಂದಿರಲಿಲ್ಲ. ಹುಲ್ಲಿನ ಮೇಲಿಂದ ಯಾರೋ ಮೂರ್ತಿಗಳಿಗೆ ಇನ್ನೊಂದು ಚಹಾ ಕೊಡಿ ಎಂದು ಕೂಗುತ್ತಿದ್ದರು. ಲೋಲಾಕ್ಷಿ ಸೆರಗು ಸರಿಮಾಡಿಕೊಂಡು, ನೋವಿನ ಕಾಲನ್ನು ಎಳೆದುಕೊಂಡು ಗೇಟಿನ ಕಡೆಗೆ ನಡೆದಳು.